ಡೈನೋಸಾರ್ ಹೆಜ್ಜೆಗೆ ದಾರ ಹಿಡಿದ ಮಕ್ಕಳು

ಅಮೆರಿಕದಲ್ಲಿ ನಾಲ್ಕನೇ ಕ್ಲಾಸಿನ ಮಕ್ಕಳಿಗೆ ಒಂದು ಭಾಗ್ಯವಿದೆ. ಸರ್ಕಾರವೇ ಅವರಿಗೆ ಒಂದು ಪಾಸ್ ಕೊಡುತ್ತದೆ. ಅದನ್ನು ಹಿಡಿದು ಹೋದರೆ ಯಾವ ರಾಷ್ಟ್ರೀಯ ಉದ್ಯಾನದಲ್ಲೂ ಪ್ರವೇಶ ಶುಲ್ಕ ಕೇಳುವುದಿಲ್ಲ. ಮಗುವಿನ ಜೊತೆ ಬಂದ ಮೂವರು ದೊಡ್ಡವರಿಗೂ ಪುಕ್ಕಟೆ. 2015ರಲ್ಲಿ ಶುರುವಾದ ಯೋಜನೆ ಇದು. ಸೆಪ್ಟೆಂಬರ್‌ನಿಂದ ಮುಂದಿನ ಆಗಸ್ಟ್‌ವರೆಗೆ ನಡೆಯುತ್ತದೆ. 2025ರವರೆಗೆ ಫೋನಿನಲ್ಲಿ ತೋರಿಸಿದರೆ ಆಗುತ್ತಿರಲಿಲ್ಲ, ಕಾಗದದ ಮೇಲೆ ಪ್ರಿಂಟ್ ಇರಲೇಬೇಕಿತ್ತು. ಡೆನ್ವರ್‌ನಲ್ಲಿರುವ ನನ್ನ ತಂಗಿಯ ಮಗಳು ಇಂಚರ ಈ ವರ್ಷ ನಾಲ್ಕನೇ ಕ್ಲಾಸು. ತಂಗಿ, ಅವಳ ಗಂಡ ಮಂಜುನಾಥ, ಮೂರನೆಯವಳು ನಾನು. ಲೆಕ್ಕ ಸರಿಹೋಯಿತು. ಇಂಚರಳ ತಮ್ಮ, ಆರು ವರ್ಷದ ಅಗಸ್ತ್ಯನಿಗೆ ಹೇಗೂ ಟಿಕೆಟ್ ಇಲ್ಲ.

ನಾನು ಚಿತ್ರದುರ್ಗ ಜಿಲ್ಲೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಬೇಸಿಗೆ ರಜೆಯಲ್ಲಿ ಬಂದಿದ್ದೆ. "ಅಕ್ಕ, ನಿನಗೆ ನಯಾಗರ ತೋರಿಸಬೇಕಿತ್ತು" ಅಂತ ತಂಗಿ ಕೊರಗುತ್ತಿದ್ದಳು. ನೀರು ಬೀಳುವುದನ್ನು ಜೋಗದಲ್ಲಿ ನೋಡಿದ್ದೇನೆ, ಕಲ್ಲು ತೋರಿಸು ಸಾಕು ಅಂದೆ.

ಮಂಗಳವಾರ, ಡೈನೋಸಾರ್ ರಿಡ್ಜ್

ಇದು ನಮ್ಮ ಪ್ರವಾಸವಲ್ಲ, ಇಂಚರಳ ಶಾಲೆಯದು. ಮಕ್ಕಳು ಹಳದಿ ಬಸ್ಸಿನಲ್ಲಿ ಹೊರಟರು. ಜೊತೆಗೆ ಹೋಗುವ ಪೋಷಕರ ಪಟ್ಟಿಯಲ್ಲಿ ತಂಗಿಯ ಹೆಸರಿತ್ತು. ಟೀಚರ್ ಒಪ್ಪಿದ್ದರಿಂದ ನಾನೂ ಅವಳ ಕಾರಿನಲ್ಲಿ ಹಿಂದೆ ಹೋದೆ.

ಡೆನ್ವರ್‌ನಿಂದ ಪಶ್ಚಿಮಕ್ಕೆ, ಮಾರಿಸನ್ ಎಂಬ ಸಣ್ಣ ಊರಿನ ಪಕ್ಕ, ಉದ್ದಕ್ಕೆ ಮಲಗಿದ ಒಂದು ಗುಡ್ಡದ ಸಾಲು. ರಾಷ್ಟ್ರೀಯ ಉದ್ಯಾನವಲ್ಲ. ಊರಿನವರೇ ಕಟ್ಟಿದ ಒಂದು ಸಂಸ್ಥೆ ನೋಡಿಕೊಳ್ಳುತ್ತದೆ. ಮಕ್ಕಳಿಗೆ ತೋರಿಸುವವರಲ್ಲಿ ಜಾಸ್ತಿ ಜನ ಸ್ವಯಂಸೇವಕರು. ನಮಗೆ ಸಿಕ್ಕವರು ಬಿಳಿ ಮೀಸೆಯ, ಎಪ್ಪತ್ತು ದಾಟಿದ ಒಬ್ಬ ಅಜ್ಜ.

ರಸ್ತೆಯ ಪಕ್ಕದಲ್ಲಿ ಮರಳುಗಲ್ಲಿನ ದೊಡ್ಡ ಹಾಸು. ಗೋಡೆಯ ಹಾಗೆ ಓರೆಯಾಗಿ ನಿಂತಿದೆ. ಅದರ ತುಂಬ ಕಪ್ಪು ಕಪ್ಪು ಗುಂಡಿಗಳು. 1937ರಲ್ಲಿ ರಸ್ತೆಗಾಗಿ ಗುಡ್ಡ ಕಡಿಯುವಾಗ ಬೆಳಕಿಗೆ ಬಂದವು. ದೂರದಿಂದ ಕಾಣಲಿ ಅಂತ ಇದ್ದಿಲು ಹಚ್ಚಿ ಕಪ್ಪು ಮಾಡಿದ್ದಾರೆ. ಅಜ್ಜ ಇವು ಯಾವುದರ ಹೆಜ್ಜೆ ಅಂತ ಹೇಳಲೇ ಇಲ್ಲ. ಹೆಜ್ಜೆ ಅನ್ನುವ ಮಾತನ್ನೂ ತೆಗೆಯಲಿಲ್ಲ. "ಏನು ಕಾಣ್ತಿದೆ?" ಅಂತ ಕೇಳಿ ಕೈಕಟ್ಟಿ ನಿಂತರು.

ಗುಂಡಿ ಅಂದ ಒಬ್ಬ. ಮೂರು ಬೆರಳು ಅಂದಳು ಇನ್ನೊಬ್ಬಳು. ದೊಡ್ಡದೂ ಇವೆ, ಚಿಕ್ಕದೂ ಇವೆ. ಅಲ್ಲಿ ಒಂದರ ಪಕ್ಕ ಒಂದು ಸಾಲಾಗಿ ಹೋಗಿವೆ. ಐದು ನಿಮಿಷ ಇದೇ ನಡೆಯಿತು. ನಾನಾಗಿದ್ದರೆ ಅಷ್ಟು ಹೊತ್ತಿಗೆ ಪಾಠ ಮುಗಿಸಿ ನೋಟ್ಸ್ ಬರೆಸುತ್ತಿದ್ದೆ.

ಆಮೇಲೆ ಒಬ್ಬ ಹುಡುಗ ಕೇಳಿದ: "ಇಷ್ಟು ಕಡಿದಾದ ಗೋಡೆ ಮೇಲೆ ಡೈನೋಸಾರ್ ಹೇಗೆ ನಡೀತು?" ಅಜ್ಜ ಕಾಯುತ್ತಿದ್ದದ್ದು ಇದಕ್ಕೇ ಇರಬೇಕು. ಚೀಲದಿಂದ ಬಣ್ಣಬಣ್ಣದ ಟವೆಲ್ ತೆಗೆದು ನೆಲದ ಮೇಲೆ ಒಂದರ ಮೇಲೊಂದು ಹಾಸಿದರು. ಮೇಲಿನ ಟವೆಲ್ ಮೇಲೆ ಪ್ಲಾಸ್ಟಿಕ್ ಡೈನೋಸಾರ್ ನಡೆಸಿದರು. ಆಮೇಲೆ ಇಬ್ಬರು ಮಕ್ಕಳಿಗೆ ಎರಡೂ ಕಡೆಯಿಂದ ತಳ್ಳಲು ಹೇಳಿದರು. ಟವೆಲ್‌ಗಳು ನಡುವೆ ಉಬ್ಬಿ, ಪಕ್ಕಗಳು ಓರೆಯಾದವು. ಡೈನೋಸಾರ್ ನಡೆದದ್ದು ಸಮತಟ್ಟಾದ ಕಡಲ ತೀರದಲ್ಲಿ, ಸುಮಾರು 10 ಕೋಟಿ ವರ್ಷದ ಹಿಂದೆ. ರಾಕಿ ಪರ್ವತಗಳು ಎದ್ದದ್ದು ಅದಾದ ಕೋಟ್ಯಂತರ ವರ್ಷಗಳ ಮೇಲೆ. ಪರ್ವತ ಮೇಲೆದ್ದಾಗ ಪಕ್ಕದ ಪದರಗಳನ್ನೂ ಎತ್ತಿ ವಾಲಿಸಿತು. ಎಂಟನೇ ಕ್ಲಾಸಿಗೆ ಮಡಿಕೆ ಪರ್ವತದ ಚಿತ್ರ ಬೋರ್ಡ್ ಮೇಲೆ ಬರೆದು ಬರೆದು ನನ್ನ ಕೈ ಸೋತಿದೆ. ಎರಡು ಟವೆಲ್ ಸಾಕಿತ್ತು.

ಹಾಸಿನ ಮೇಲೆ ಹತ್ತುವಂತಿಲ್ಲ. ಅಳತೆಗೆ ಹೆಜ್ಜೆಯ ಅಚ್ಚೊಂದನ್ನು ತಂದಿದ್ದರು. ಮಕ್ಕಳು ದಾರ ಹಿಡಿದು ಹಿಮ್ಮಡಿಯಿಂದ ಬೆರಳ ತುದಿಗೆ ಅಳೆದರು. ಆ ದಾರದ ನಾಲ್ಕು ಪಟ್ಟು ಉದ್ದ ಎಷ್ಟೋ, ಪ್ರಾಣಿಯ ಸೊಂಟ ಹೆಚ್ಚುಕಮ್ಮಿ ಅಷ್ಟೇ ಎತ್ತರ. ಹೆಜ್ಜೆ ನೋಡಿ ಪ್ರಾಣಿಯ ಎತ್ತರ ಹೇಳುವ ಈ ಅಂದಾಜನ್ನು ವಿಜ್ಞಾನಿಗಳೂ ಬಳಸುತ್ತಾರೆ. ಅಚ್ಚು ಹದಿನೈದು ಇಂಚು ಬಂತು. ನಾಲ್ಕರಿಂದ ಗುಣಿಸಿದರೆ ಐದು ಅಡಿ. ನಾನು ಐದಡಿ. ಇಂಚರ ನನ್ನನ್ನು ಎಳೆದು ತಂದು ನಿಲ್ಲಿಸಿ, "ದೊಡ್ಡಮ್ಮನ ತಲೆ ಹತ್ರ ಅದರ ಸೊಂಟ!" ಅಂತ ಕೂಗಿದಳು. ಮಕ್ಕಳೆಲ್ಲ ಶೂ ಬಿಚ್ಚಿ ತಮ್ಮ ತಮ್ಮ ಪಾದ ಅಳೆಯತೊಡಗಿದರು. ಅವರ ಟೀಚರ್ ಗದರಲಿಲ್ಲ. ಅವರೂ ಶೂ ಬಿಚ್ಚಿದರು.

ಗುಡ್ಡದ ಇನ್ನೊಂದು ಮಗ್ಗುಲಿಗೆ ಹೋದರೆ ಸುಮಾರು 15 ಕೋಟಿ ವರ್ಷ ಹಳೆಯ ಪದರ. ಬಂಡೆಯಲ್ಲಿ ಕಂದು ಬಣ್ಣದ ಮೂಳೆಗಳು ಹೂತ ಹಾಗೇ ಇವೆ. ಇವನ್ನು ಮುಟ್ಟಬಹುದು. 1877ರಲ್ಲಿ ಇಲ್ಲಿ ಮೊದಲ ಮೂಳೆ ಕಂಡವರು ಆರ್ಥರ್ ಲೇಕ್ಸ್ ಅಂತ. ಪಕ್ಕದ ಗೋಲ್ಡನ್ ಊರಿನ ಶಾಲಾ ಮೇಷ್ಟ್ರು! ಯೇಲ್ ವಿಶ್ವವಿದ್ಯಾಲಯದ ಪ್ರೊಫೆಸರ್ ಮಾರ್ಷ್ ಅವರಿಗೆ ಕಾಗದ ಬರೆದರು. ಮೂಳೆಗಳನ್ನೂ ಕಳಿಸಿದರು. ಆ ಕಡೆಯಿಂದ ಸುದ್ದಿಯೇ ಇಲ್ಲ. ಬೇಸತ್ತು ಒಂದಿಷ್ಟು ಮೂಳೆಗಳನ್ನು ಮಾರ್ಷ್ ಅವರ ಬದ್ಧವೈರಿ, ಇನ್ನೊಬ್ಬ ಪಳೆಯುಳಿಕೆ ವಿಜ್ಞಾನಿ ಕೋಪ್ ಅವರಿಗೆ ಕಳಿಸಿದರು. ಆಗ ನೋಡಿ, ಮಾರ್ಷ್ ಅವರಿಂದ ಕೂಡಲೇ 100 ಡಾಲರ್ ಬಂತು. ಮೇಷ್ಟ್ರ ಮಾತಿಗೆ ಬೆಲೆ ಬರುವುದು ಪಕ್ಕದ ಮನೆಯವರು ಕೇಳಿದಾಗಲೇ, ಅಲ್ವಾ? ಬೆನ್ನ ಮೇಲೆ ಫಲಕಗಳ ಸಾಲಿರುವ ಸ್ಟೆಗೊಸಾರಸ್‌ಗೆ ಮಾರ್ಷ್ ಹೆಸರಿಟ್ಟದ್ದು ಇಲ್ಲಿ ಸಿಕ್ಕ ಮೂಳೆಗಳನ್ನು ನೋಡಿಯೇ.

ಆ ಸ್ಟೆಗೊಸಾರಸ್ ಈಗ ಡೆನ್ವರ್ ಇರುವ ಕೊಲೊರಾಡೊದ ರಾಜ್ಯ ಪಳೆಯುಳಿಕೆ. ನಮಗೆ ನೀಲಕಂಠ ರಾಜ್ಯಪಕ್ಷಿ, ಇವರಿಗೆ ಇದು. 1982ರಲ್ಲಿ ಆ ಪಟ್ಟ ಕೊಡಿಸಿದ್ದು ನಾಲ್ಕನೇ ಕ್ಲಾಸಿನ ಮಕ್ಕಳು. ತಮ್ಮ ಟೀಚರ್ ಜೊತೆ ಸೇರಿ ಎರಡು ವರ್ಷ ಸರ್ಕಾರದ ಬೆನ್ನು ಬಿದ್ದಿದ್ದರು. ಅಜ್ಜ ಇದನ್ನು ಹೇಳಿದಾಗ ಬಸ್ಸಿನ ಮಕ್ಕಳ ಮುಖ ನೋಡಬೇಕಿತ್ತು.

ಬುಧವಾರ, ಗುರುವಾರ

ಮನೆ. ಗುರುವಾರಕ್ಕೆ ಇಂಚರಳ ಶಾಲೆ ಮುಗಿಯಿತು. ತಂಗಿ ಚಪಾತಿ ಮಾಡಿದಳು, ನಾನು ಪುಳಿಯೋಗರೆ ಗೊಜ್ಜು ಕಾಯಿಸಿದೆ. ಪಾಸ್ ಪ್ರಿಂಟ್ ಆಯಿತು.

ಶುಕ್ರವಾರ, ಫ್ಲೋರಿಸಂಟ್

ಕೊಲೊರಾಡೊ ಸ್ಪ್ರಿಂಗ್ಸ್ ದಾಟಿ ಪಶ್ಚಿಮಕ್ಕೆ ಬೆಟ್ಟ ಏರುತ್ತಾ ಹೋದರೆ ಫ್ಲೋರಿಸಂಟ್ ಫಾಸಿಲ್ ಬೆಡ್ಸ್. ಎತ್ತರ ಸುಮಾರು 8,400 ಅಡಿ. ಮೇ ತಿಂಗಳ ಕೊನೆಯಲ್ಲೂ ಸ್ವೆಟರ್ ಬೇಕು. ಹತ್ತು ಹೆಜ್ಜೆ ಜೋರಾಗಿ ನಡೆದರೆ ನನಗೆ ಏದುಸಿರು. ಹುಲ್ಲುಗಾವಲು, ಪೈನ್ ಮರ, ತಣ್ಣನೆ ಗಾಳಿ. ಮೊದಲ ನೋಟಕ್ಕೆ ಇಲ್ಲೇನಿದೆ ಅನಿಸುತ್ತದೆ.

ಇರುವುದೆಲ್ಲ ನೆಲದ ಅಡಿಯಲ್ಲಿ. 3 ಕೋಟಿ 40 ಲಕ್ಷ ವರ್ಷದ ಹಿಂದೆ ಇಲ್ಲಿ ದೈತ್ಯ ರೆಡ್‌ವುಡ್ ಮರಗಳ ಕಾಡಿತ್ತು. ಹತ್ತಿರದಲ್ಲೇ ಗಫಿ ಎಂಬ ಜ್ವಾಲಾಮುಖಿ. ಅದರ ಇಳಿಜಾರಿನಿಂದ ಬೂದಿ ಬೆರೆತ ಕೆಸರು ಪ್ರವಾಹದಂತೆ ಇಳಿದು ಮರಗಳ ಬುಡವನ್ನು ಸುಮಾರು ಐದು ಮೀಟರ್ ಹೂತುಹಾಕಿತು. ಮೇಲೆ ಉಳಿದ ಭಾಗ ಸತ್ತು ಕೊಳೆಯಿತು. ಹೂತ ಬುಡದೊಳಗೆ ನೀರಿನ ಜೊತೆ ಸಿಲಿಕಾ ಇಳಿದು, ಒಂದೊಂದೇ ಜೀವಕೋಶವನ್ನು ತುಂಬಿ ಕಲ್ಲಾಗಿಸಿತು. ಇನ್ನೊಂದು ಸಲ ಬಂದ ಕೆಸರು ಕಣಿವೆಯ ಹಳ್ಳಕ್ಕೆ ಅಡ್ಡಗಟ್ಟೆ ಕಟ್ಟಿ ಕೆರೆ ಮಾಡಿತು. ಎಲೆ, ಹೂವು, ನೊಣ, ಜೇಡ ಎಲ್ಲ ಆ ಕೆರೆಯ ತಳದಲ್ಲಿ ಅಚ್ಚಾದವು. ಇಲ್ಲಿ ಸಿಕ್ಕ ಜೀವಜಾತಿಗಳು 1,700ಕ್ಕೂ ಹೆಚ್ಚು. ಅದರಲ್ಲಿ ಬಹುಪಾಲು ಕೀಟಗಳು. ಈಗ ಆಫ್ರಿಕಾದಲ್ಲಿ ಮಾತ್ರ ಇರುವ ತ್ಸೆತ್ಸೆ ನೊಣವೂ ಅವುಗಳಲ್ಲಿದೆ.

ನಾವು ಹೋದಾಗ ಬೇರೆ ಊರಿನ ಶಾಲಾ ಮಕ್ಕಳ ಗುಂಪೊಂದು ಬಂದಿತ್ತು. ಚಪ್ಪಟೆ ಅಂಚಿನ ಹ್ಯಾಟ್ ಹಾಕಿದ್ದ ರೇಂಜರ್ ಹುಡುಗಿ ಅವರನ್ನು ಹುಲ್ಲಿನ ಮೇಲೆ ನಿಲ್ಲಿಸಿ ಉದ್ದನೆಯ ಹಗ್ಗ ಬಿಚ್ಚುತ್ತಿದ್ದಳು. ನಾವು ಪಕ್ಕದಲ್ಲಿ ನಿಂತದ್ದನ್ನು ನೋಡಿ, ಬನ್ನಿ ಸೇರಿಕೊಳ್ಳಿ ಅಂತ ಕೈ ಬೀಸಿದಳು.

ಹಗ್ಗದ ಉದ್ದ 46 ಮೀಟರ್. ಭೂಮಿಯ ವಯಸ್ಸು 460 ಕೋಟಿ ವರ್ಷ. ಅಲ್ಲಿಗೆ ಒಂದು ಸೆಂಟಿಮೀಟರ್ ಅಂದರೆ ಹತ್ತು ಲಕ್ಷ ವರ್ಷ. ಒಂದು ತುದಿ ಭೂಮಿ ಹುಟ್ಟಿದ ದಿನ, ಇನ್ನೊಂದು ತುದಿ ಇವತ್ತು. ಮಕ್ಕಳ ಕೈಗೆ ಬಟ್ಟೆ ಒಣಗಿಸುವ ಕ್ಲಿಪ್ ಕೊಟ್ಟು, ಡೈನೋಸಾರ್ ಎಲ್ಲಿ, ಮೊದಲ ಮೀನು ಎಲ್ಲಿ, ಮನುಷ್ಯ ಎಲ್ಲಿ, ಸಿಕ್ಕಿಸಿ ಅಂದಳು. ಮಕ್ಕಳು ಓಡಿಹೋಗಿ ಡೈನೋಸಾರನ್ನು ಹಗ್ಗದ ಮಧ್ಯಕ್ಕೆ ಸಿಕ್ಕಿಸಿದರು. ಮನುಷ್ಯನಿಗೆ ಎರಡು ಮೀಟರ್ ಜಾಗ ಕೊಟ್ಟರು. ಅವಳು ನಗಲಿಲ್ಲ, ತಪ್ಪು ಅನ್ನಲೂ ಇಲ್ಲ. ಟೇಪ್ ಕೊಟ್ಟು ಅಳೆಯಲು ಹೇಳಿದಳು. ಕಡೆಯ ಡೈನೋಸಾರ್ 66 ಸೆಂಟಿಮೀಟರ್ ದೂರ. ಫ್ಲೋರಿಸಂಟಿನ ಮರಗಳು 34 ಸೆಂಟಿಮೀಟರ್. ಮಂಗಳವಾರ ನೋಡಿದ ಹೆಜ್ಜೆಗಳು ಒಂದು ಮೀಟರ್, ಮೂಳೆಗಳು ಒಂದೂವರೆ ಮೀಟರ್. ನಮ್ಮ ಜಾತಿಯ ಮನುಷ್ಯ ಬರುವುದು ಕಡೆಯ ಮೂರು ಮಿಲಿಮೀಟರ್‌ನಲ್ಲಿ. ಕ್ಲಿಪ್ಪೇ ಅದಕ್ಕಿಂತ ದಪ್ಪ.

ನನ್ನ ತಲೆಯಲ್ಲಿ ಬೇರೆ ಲೆಕ್ಕ ಓಡುತ್ತಿತ್ತು. ಚಿತ್ರದುರ್ಗದ ಹತ್ತಿರ ಮರಡಿಹಳ್ಳಿಯಲ್ಲಿ ದಿಂಬು ಲಾವಾ ಇದೆ. ಸಮುದ್ರದಡಿಯಲ್ಲಿ ಉಕ್ಕಿದ ಲಾವಾ ನೀರು ತಾಗಿದ ಕೂಡಲೇ ದಿಂಬಿನ ಆಕಾರದಲ್ಲಿ ಗಟ್ಟಿಯಾದದ್ದು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಬೋರ್ಡ್ ಇದೆ. ವಯಸ್ಸು ಸುಮಾರು 250 ಕೋಟಿ ವರ್ಷ. ಅಂದರೆ ಈ ಹಗ್ಗದ ಮೇಲೆ 25 ಮೀಟರ್! ಇಂಚರಳಿಗೆ ಹೇಳಿ, ಹೆಜ್ಜೆ ಹಾಕುತ್ತಾ ಅಲ್ಲಿಗೆ ನಡೆದೆವು. ಲಾಲ್‌ಬಾಗಿನ ಬಂಡೆ ಇನ್ನೂ ಐದು ಮೀಟರ್ ಆಚೆಗೆ, ಮೂವತ್ತರ ಹತ್ತಿರ. ಅಲ್ಲಿ ನಿಂತು ತಿರುಗಿ ನೋಡಿದರೆ ಡೈನೋಸಾರ್, ರೆಡ್‌ವುಡ್, ಮನುಷ್ಯ ಎಲ್ಲ ಆ ಕಡೆಯ ತುದಿಯಲ್ಲಿ ಒಂದೇ ಗುಂಪಾಗಿ ಕಾಣುತ್ತಿದ್ದರು.

"ಮಿಸ್, ನಮ್ಮೂರಲ್ಲಿ ಡೈನೋಸಾರ್ ಇತ್ತಾ?" ಅಂತ ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಾರೆ. ಗುಜರಾತಿನಲ್ಲಿ ಸಿಕ್ಕಿದೆ, ನರ್ಮದಾ ಕಣಿವೆಯಲ್ಲಿ ಸಿಕ್ಕಿದೆ, ತಮಿಳುನಾಡಿನ ಅರಿಯಲೂರಿನಲ್ಲಿ ಸಿಕ್ಕಿದೆ ಅಂತ ಹೇಳಿ ಸುಮ್ಮನಾಗುತ್ತಿದ್ದೆ. ನಿಜವಾದ ಉತ್ತರ ಈ ಹಗ್ಗದಲ್ಲಿದೆ. ಡೈನೋಸಾರ್ ಹುಟ್ಟುವ ಹೊತ್ತಿಗೆ ನಮ್ಮ ದುರ್ಗದ ಕಲ್ಲುಗಳಿಗೆ ಆಗಲೇ ಇನ್ನೂರು ಕೋಟಿಗೂ ಹೆಚ್ಚು ವರ್ಷ ಆಗಿತ್ತು. ಡೈನೋಸಾರ್‌ಗಳು ನಮ್ಮ ನೆಲದ ಮೇಲೆ ಓಡಾಡಿದ್ದರೂ ಇರಬಹುದು. ಆದರೆ ಮೂಳೆ ಉಳಿಯಬೇಕಾದರೆ ಮೇಲೆ ಹೂಳು ತುಂಬಬೇಕು. ಇಂಥ ಹಳೆ ನೆಲ ಸವೆಯುತ್ತಾ ಬಂದದ್ದೇ ಜಾಸ್ತಿ. ನಮ್ಮಲ್ಲಿ ಜೀವದ ಗುರುತು ಬೇಕಿದ್ದರೆ ಶಿವಮೊಗ್ಗದ ಕುಂಸಿ ಕಡೆ ಹೋಗಬೇಕು. ಅಲ್ಲಿಯ ಸುಣ್ಣಕಲ್ಲಿನಲ್ಲಿ ಸೂಕ್ಷ್ಮಜೀವಿಗಳು ಪದರ ಪದರವಾಗಿ ಕಟ್ಟಿದ ಸ್ಟ್ರೊಮ್ಯಾಟೊಲೈಟ್‌ಗಳಿವೆ. ಅದಕ್ಕೆ ಹಲ್ಲಿಲ್ಲ, ಬಾಲವಿಲ್ಲ. ಮಕ್ಕಳಿಗೆ ಹೇಳುವುದು ಸ್ವಲ್ಪ ಕಷ್ಟ.

ಆಮೇಲೆ ಕಲ್ಲಾದ ಮರಗಳನ್ನು ನೋಡಲು ಹೋದೆವು. ದೊಡ್ಡ ಬುಡ ಅಂತ ಕರೆಯುವ ಒಂದಿದೆ. ಉಂಗುರಗಳು, ತೊಗಟೆಯ ಗೀರುಗಳು ಎಲ್ಲ ಹಾಗೇ ಇವೆ. ಅದರ ನೆತ್ತಿಯಲ್ಲಿ ಗರಗಸದ ತುಂಡುಗಳು ಸಿಕ್ಕಿಹಾಕಿಕೊಂಡಿವೆ. 1890ರ ದಶಕದಲ್ಲಿ ಇದನ್ನು ಸೀಳಿ ಷಿಕಾಗೋದ ದೊಡ್ಡ ವಸ್ತುಪ್ರದರ್ಶನಕ್ಕೆ ಸಾಗಿಸಲು ಹೊರಟಿದ್ದರಂತೆ. ಗರಗಸ ಮುರಿಯಿತು, ಕೈಬಿಟ್ಟರು. ಇನ್ನೊಂದು ಬುಡದ ಕಥೆ ಹಾಗಾಗಲಿಲ್ಲ. 1956ರಲ್ಲಿ ವಾಲ್ಟ್ ಡಿಸ್ನಿ ಇಲ್ಲಿಗೆ ಬಂದಾಗ ಈ ಜಾಗ ಖಾಸಗಿಯವರ ಕೈಯಲ್ಲಿತ್ತು. ಒಂದು ಬುಡವನ್ನು ಕೊಂಡು ಹೆಂಡತಿಗೆ ಉಡುಗೊರೆ ಕೊಟ್ಟರು. ಅದು ಈಗ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿದೆ. ಅಲ್ಲಿ ಅದೊಂದು ಅಂದದ ಕಲ್ಲು ಅಷ್ಟೇ. ಯಾವ ಕೆಸರು ಹೂತಿತು, ಪಕ್ಕದಲ್ಲಿ ಯಾವ ಮರವಿತ್ತು, ಕೆರೆ ಎಲ್ಲಿತ್ತು ಎಂಬುದು ಕಾಣಬೇಕಾದರೆ ಕಲ್ಲು ತನ್ನ ಜಾಗದಲ್ಲೇ ಇರಬೇಕು. ರೇಂಜರ್ ಅದನ್ನು ಮಕ್ಕಳ ಬಾಯಿಂದಲೇ ಹೊರಡಿಸಿದಳು. ಮುಟ್ಟಬೇಡಿ ಅನ್ನುವ ಬೋರ್ಡ್‌ಗಿಂತ ಇದು ಎಷ್ಟೋ ವಾಸಿ.

ಈ ಕಣಿವೆ ಉಳಿದದ್ದೂ ಕೂದಲೆಳೆಯಲ್ಲಿ. 1969ರಲ್ಲಿ ಇಲ್ಲಿ ಮನೆಗಳ ಲೇಔಟ್ ಮಾಡಲು ಬುಲ್ಡೋಜರ್ ಬಂದು ನಿಂತಿದ್ದವು. ಪರಾಗದ ಪಳೆಯುಳಿಕೆಗಳನ್ನು ಓದುತ್ತಿದ್ದ ಎಸ್ಟೆಲ್ಲಾ ಲಿಯೋಪೋಲ್ಡ್ ಮತ್ತು ಗೆಳೆಯರು ಕೋರ್ಟಿಗೆ ಹೋದರು. ತಡೆಯಾಜ್ಞೆ ತಂದರು. ಈ ಜಾಗವನ್ನು ರಾಷ್ಟ್ರೀಯ ಸ್ಮಾರಕ ಮಾಡುವ ಕಾನೂನಿಗೆ ಆಗಸ್ಟ್ 20ರಂದು ಅಧ್ಯಕ್ಷ ನಿಕ್ಸನ್ ಸಹಿ ಹಾಕಿದರು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಸರಿಯಾಗಿ ಒಂದು ತಿಂಗಳಾಗಿತ್ತು.

ಸಂಜೆಗೆ ಜೂನಿಯರ್ ರೇಂಜರ್ ಬ್ಯಾಡ್ಜ್‌ನ ಗಲಾಟೆ. ಒಂದು ಪುಟ್ಟ ಪುಸ್ತಕ ಕೊಡುತ್ತಾರೆ. ವಯಸ್ಸಿಗೆ ತಕ್ಕಂತೆ ಇಷ್ಟು ಪುಟ ಮುಗಿಸಿದರೆ ಬ್ಯಾಡ್ಜ್. ಇದರಲ್ಲಿ ಕೆಲವು ಪುಟಗಳು ನನಗೆ ಹಿಡಿಸಲಿಲ್ಲ. ಅಕ್ಷರಗಳಲ್ಲಿ ಅಡಗಿದ ಪದ ಹುಡುಕು, ಚುಕ್ಕಿ ಸೇರಿಸು, ಇಂಥವು. ಅದನ್ನು ಮನೆಯಲ್ಲಿ ಕೂತೂ ಮಾಡಬಹುದು. ಒಂದಿಬ್ಬರು ಅಪ್ಪಂದಿರು ಮಕ್ಕಳ ಪರವಾಗಿ ಗೀಚುತ್ತಿದ್ದದ್ದನ್ನೂ ನೋಡಿದೆ. ಎಲ್ಲಾ ಕಡೆ ಅಪ್ಪಂದಿರು ಒಂದೇ. ಆದರೆ ಕೊನೆಯ ಭಾಗ ಚೆನ್ನಾಗಿತ್ತು. ರೇಂಜರ್ ಮಂಡಿಯೂರಿ ಕೂತು, ಪುಸ್ತಕದ ಪುಟ ತಿರುವಿ, ಕೆಂಪು ಪೆನ್ನು ಎತ್ತದೆ, ಮಗುವಿನ ಜೊತೆ ಮಾತಿಗಿಳಿದಳು. ನಿನಗೆ ಯಾವ ಮರ ಇಷ್ಟವಾಯಿತು? ಇಂಚರ ಗರಗಸ ಸಿಕ್ಕಿಕೊಂಡ ಮರ ಅಂದಳು. ಯಾಕೆ? "ಅದು ಸೋಲಲಿಲ್ಲ." ಅಗಸ್ತ್ಯ ನಗುತ್ತಿರುವ ತ್ಸೆತ್ಸೆ ನೊಣದ ಚಿತ್ರ ಬರೆದಿದ್ದ. ಅದಕ್ಕೂ ಬ್ಯಾಡ್ಜ್ ಬಂತು. ಇಬ್ಬರೂ ಬಲಗೈ ಎತ್ತಿ ಪ್ರಮಾಣ ಮಾಡಿದರು: ನೋಡುತ್ತೇವೆ, ಕಲಿಯುತ್ತೇವೆ, ಕಾಪಾಡುತ್ತೇವೆ.

ಈ ಪ್ರಮಾಣ ಬರೀ ನಾಟಕ ಅಂದುಕೊಳ್ಳಬೇಡಿ. 2010ರಲ್ಲಿ ಸೌತ್ ಡಕೋಟಾದ ಬ್ಯಾಡ್‌ಲ್ಯಾಂಡ್ಸ್ ಉದ್ಯಾನದಲ್ಲಿ ಏಳು ವರ್ಷದ ಹುಡುಗಿಯೊಬ್ಬಳು ನೆಲದಿಂದ ಇಣುಕುತ್ತಿದ್ದ ಪಳೆಯುಳಿಕೆ ಕಂಡಳು. ಜೂನಿಯರ್ ರೇಂಜರ್ ಕಾರ್ಯಕ್ರಮದಲ್ಲಿ ಕೂತು ಬಂದಿದ್ದವಳು. ಕೀಳಲಿಲ್ಲ, ಜೇಬಿಗೆ ಹಾಕಲಿಲ್ಲ. ಹೋಗಿ ರೇಂಜರ್‌ಗೆ ಹೇಳಿದಳು. ನೋಡಿದರೆ ಕತ್ತಿಹಲ್ಲಿನ ಬೆಕ್ಕಿನಂಥ ಪ್ರಾಣಿಯ ತಲೆಬುರುಡೆ. ಅದೂ ಪ್ರವಾಸಿಗರ ಕೇಂದ್ರದ ಪಕ್ಕದಲ್ಲೇ. ಅಷ್ಟು ದಿನ ದೊಡ್ಡವರು ಎಷ್ಟು ಜನ ಅಲ್ಲಿ ಓಡಾಡಿದ್ದರೋ!

ಶನಿವಾರ, ಮತ್ತೆ ಫ್ಲೋರಿಸಂಟ್, ಆಮೇಲೆ ದಾರಿ

ಊರಿನ ಪಕ್ಕ ಖಾಸಗಿ ಜಾಗದಲ್ಲೊಂದು ಕ್ವಾರಿ ಇದೆ. ಗಂಟೆಗಿಷ್ಟು ಅಂತ ದುಡ್ಡು ಕೊಟ್ಟರೆ ಕಲ್ಲು ಸೀಳಬಹುದು, ಸಿಕ್ಕದ್ದನ್ನು ಮನೆಗೆ ಒಯ್ಯಬಹುದು. ಅದೇ ಹಳೆಯ ಕೆರೆಯ ಹೂಳು. ಕೈಗೆ ತೆಳ್ಳನೆಯ ಅಗಲ ಚಾಕು ಕೊಡುತ್ತಾರೆ. ಪದರದ ಸಂದಿಗೆ ಇಟ್ಟು ಮೆಲ್ಲಗೆ ತಿರುಗಿಸಿದರೆ ಕಲ್ಲು ಚಿರೋಟಿಯಂತೆ ಎಸಳೆಸಳಾಗಿ ಬಿಡುತ್ತದೆ. ಒಂದು ಎಸಳು ಬೂದಿ ಮತ್ತು ಜೇಡಿ, ಇನ್ನೊಂದು ಡಯಾಟಮ್ ಎಂಬ ಕಣ್ಣಿಗೆ ಕಾಣದ ಪಾಚಿಗಳ ಚಿಪ್ಪು. ಈ ಪಾಚಿಯ ಅಂಟು ಪೊರೆಯೇ ಎಲೆ ನೊಣಗಳನ್ನು ಸುತ್ತಿಕೊಂಡು ಕೊಳೆಯದಂತೆ ಕಾಪಾಡಿತು ಅನ್ನುತ್ತಾರೆ.

ಮೊದಲ ಅರ್ಧ ಗಂಟೆ ಬರೀ ಕಲ್ಲು. ಅಗಸ್ತ್ಯ ಬೇಜಾರಾಗಿ ಹೋಗಿ ಕಾರಿನಲ್ಲಿ ಚಕ್ಕುಲಿ ತಿಂದ. ಮಂಜುನಾಥ ಮಾತ್ರ ಪಟ್ಟು ಬಿಡದೆ ಕೂತಿದ್ದರು. "ಅತ್ತಿಗೆ, ಇದು ಎಲೆಯೋ ಕಲೆಯೋ ನೋಡಿ" ಅಂತ ಹತ್ತು ನಿಮಿಷಕ್ಕೊಮ್ಮೆ ತೋರಿಸುವರು. ಕಲೆಯೇ ಆಗಿರುತ್ತಿತ್ತು. ಕೊನೆಗೆ ಎಲೆ ಸಿಕ್ಕದ್ದು ಇಂಚರಳಿಗೆ. ಅರ್ಧ ಎಲೆ, ನಡುವಿನ ನರ, ಅದರಿಂದ ಕವಲೊಡೆದ ಸಣ್ಣ ನರಗಳು ಎಣಿಸುವಷ್ಟು ಸ್ಪಷ್ಟ. ಅವಳು ಕುಣಿಯಲಿಲ್ಲ. ಕೇಳಿದಳು: "ನಿನ್ನೆ ತಗೋಬಾರದು ಅಂತ ಪ್ರಮಾಣ ಮಾಡಿಸಿದ್ರಲ್ಲ ದೊಡ್ಡಮ್ಮ, ಇವತ್ತು ತಗೋಬಹುದಾ?"

ಒಳ್ಳೆಯ ಪ್ರಶ್ನೆ. ಉದ್ಯಾನದ ನೆಲ ಎಲ್ಲರದೂ, ಇದು ಒಬ್ಬರ ಜಮೀನು ಅಂತ ತಂಗಿ ಕಾನೂನಿನ ಉತ್ತರ ಕೊಟ್ಟಳು. ನಿಜ, ಆದರೆ ಮಗುವಿಗೆ ಅಷ್ಟು ಸಾಲದು. ಇಲ್ಲೇ 1870ರ ದಶಕದಲ್ಲಿ ಷಾರ್ಲಟ್ ಹಿಲ್ ಎಂಬ ರೈತ ಹೆಂಗಸು ಇದ್ದಳು. ಮನೆ, ಮಕ್ಕಳು, ಹೊಲದ ನಡುವೆ ಕಲ್ಲು ಸೀಳುತ್ತಿದ್ದಳು. ರೆಕ್ಕೆಯ ಚಿತ್ತಾರವೂ ಮಾಸದ ಒಂದು ಚಿಟ್ಟೆ ಅವಳಿಗೆ ಸಿಕ್ಕಿತು. ಅದನ್ನು ಗೋಡೆಗೆ ಅಂಟಿಸಿಕೊಳ್ಳಲಿಲ್ಲ. ವಿಜ್ಞಾನಿ ಸ್ಕಡರ್ ಕೈ ಸೇರುವಂತೆ ಮಾಡಿದಳು. 1878ರಲ್ಲಿ ಅದಕ್ಕೆ ಹೆಸರಿಡಲಾಯಿತು, ಈಗ ಹಾರ್ವರ್ಡ್‌ನಲ್ಲಿದೆ. ನಾನು ಈ ಕಥೆ ಹೇಳಿದೆ. ಎಲೆ ಸಿಕ್ಕರೆ ಇಟ್ಟುಕೋ, ಚಿಟ್ಟೆ ಸಿಕ್ಕರೆ ಹೇಳು ಅಂದೆ. ಇಂಚರ ಎಲೆಯ ಹಿಂದೆ ತಾರೀಖು, ಊರು, ಎಷ್ಟನೇ ಪದರ ಅಂತ ಪೆನ್ಸಿಲಿನಲ್ಲಿ ಬರೆದಳು. ಯಾರೂ ಹೇಳಿಕೊಟ್ಟಿರಲಿಲ್ಲ.

ಇಂಥ ಕ್ವಾರಿಗಳ ಬಗ್ಗೆ ತಕರಾರು ಇದ್ದೇ ಇದೆ. ಪಳೆಯುಳಿಕೆ ಮಾರುವ ಸರಕಾಗಬಾರದು ಅನ್ನುವವರಿದ್ದಾರೆ. ಆದರೂ ಕೈಯಾರೆ ನೂರು ಖಾಲಿ ಕಲ್ಲು ಸೀಳಿದ ಮಗುವಿಗೆ ಗಾಜಿನ ಪೆಟ್ಟಿಗೆಯೊಳಗಿನ ಒಂದು ನೊಣದ ಬೆಲೆ ಗೊತ್ತಾಗುತ್ತದೆ. ನನಗಂತೂ ಎರಡೂ ಬೇಕು ಅನಿಸಿತು.

ಮಧ್ಯಾಹ್ನ ಹೊರಟು ಬ್ಯೂನಾ ವಿಸ್ಟಾ, ಲೆಡ್‌ವಿಲ್ ಮೇಲೆ ಗ್ಲೆನ್‌ವುಡ್ ಸ್ಪ್ರಿಂಗ್ಸ್ ಸೇರಿದೆವು. ಲೆಡ್‌ವಿಲ್ ಹತ್ತು ಸಾವಿರ ಅಡಿ ಮೇಲಿದೆ. ನನಗೆ ತಲೆನೋವು ಬಿಟ್ಟು ಬೇರೇನೂ ನೆನಪಿಲ್ಲ.

ಭಾನುವಾರ

ಬೆಟ್ಟ ಮುಗಿದು ಬಯಲು. ಮೀಕರ್, ರೇಂಜ್ಲಿ, ಆಮೇಲೆ ಡೈನೋಸಾರ್ ಎಂಬ ಹೆಸರಿನದೇ ಊರು. ಮೊದಲು ಆರ್ಟೀಸಿಯಾ ಅಂತಿತ್ತು, 1966ರಲ್ಲಿ ಪ್ರವಾಸಿಗರಿಗಾಗಿ ಹೆಸರು ಬದಲಿಸಿದರು. ಬೀದಿಗಳಿಗೂ ಡೈನೋಸಾರ್ ಹೆಸರು. ಬ್ರಾಂಟೊಸಾರಸ್ ಬುಲೆವಾರ್ಡ್‌ನಲ್ಲಿ ನಿಂತು ಫೋಟೋ ತೆಗೆಸಿಕೊಂಡೆವು. ನಾಯಿಯೊಂದು ಬಿಟ್ಟರೆ ಬೀದಿಯಲ್ಲಿ ಯಾರೂ ಇರಲಿಲ್ಲ. ರಾತ್ರಿ ಯೂಟಾದ ವರ್ನಲ್‌ನಲ್ಲಿ. ಅಲ್ಲಿ ರಸ್ತೆ ಬದಿ ಕಣ್ರೆಪ್ಪೆ ಇರುವ ಗುಲಾಬಿ ಬಣ್ಣದ ಡೈನೋಸಾರ್ ನಿಂತಿದೆ. ಅಗಸ್ತ್ಯನ ಪಾಲಿಗೆ ಇಡೀ ಪ್ರವಾಸದಲ್ಲಿ ಇದೇ ಮುಖ್ಯ.

ಸೋಮವಾರ, ಡೈನೋಸಾರ್ ನ್ಯಾಷನಲ್ ಮಾನ್ಯುಮೆಂಟ್

1909ರ ಆಗಸ್ಟ್‌ನಲ್ಲಿ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮ್ಯೂಸಿಯಂನ ಅರ್ಲ್ ಡಗ್ಲಸ್ ಈ ಗುಡ್ಡದಲ್ಲಿ ಅಪಟೊಸಾರಸ್‌ನ ಎಂಟು ಬಾಲದ ಮೂಳೆಗಳನ್ನು ಕಂಡರು. ಜೋಡಿಸಿದ ಹಾಗೇ ಸಾಲಾಗಿದ್ದವು. ಮುಂದೆ ನೂರಾರು ಟನ್ ಮೂಳೆ ಪಿಟ್ಸ್‌ಬರ್ಗ್‌ಗೆ ಹೋಯಿತು. ಆದರೆ ಡಗ್ಲಸ್‌ಗೆ ಇನ್ನೊಂದು ಆಸೆಯಿತ್ತು. ಉಳಿದ ಮೂಳೆಗಳನ್ನು ಬಂಡೆಯಲ್ಲೇ ಬಿಡಿಸಿ ತೋರಿಸಬೇಕು, ಮೇಲೊಂದು ಸೂರು ಕಟ್ಟಬೇಕು ಅಂತ 1923ರಲ್ಲೇ ಬರೆದಿದ್ದರು. ಅವರು ತೀರಿಕೊಂಡದ್ದು 1931ರಲ್ಲಿ. ಕಟ್ಟಡ ಆದದ್ದು 1958ರಲ್ಲಿ.

ಪ್ರವಾಸಿಗರ ಕೇಂದ್ರದಿಂದ ಕ್ವಾರ್‍ರಿ ಕಟ್ಟಡಕ್ಕೆ ಎರಡು ಕಿಲೋಮೀಟರ್‌ನಷ್ಟು ಕಾಲುದಾರಿ ಇದೆ. ಪದರಗಳು ಇಲ್ಲೂ ಓರೆಯಾಗಿ ನಿಂತಿರುವುದರಿಂದ ಅಡ್ಡ ನಡೆದರೆ ಒಂದೊಂದೇ ಕಾಲವನ್ನು ದಾಟುತ್ತೇವೆ. ಒಂದು ಕಡೆ ಕಪ್ಪು ಜೇಡಿಗಲ್ಲಾದ ಶೇಲ್‌ನಲ್ಲಿ ಉಗುರಿಗಿಂತ ಚಿಕ್ಕ ಮೀನಿನ ಹುರುಪೆಗಳು. ಇನ್ನೊಂದು ಕಡೆ ಬಂಡೆಯಲ್ಲಿ ಡೈನೋಸಾರ್ ಮೂಳೆ. ಮತ್ತೊಂದು ಕಡೆ ಕಪ್ಪೆಚಿಪ್ಪು. ಬಾಣದ ಗುರುತು ಒಂದೆರಡು ಬಿಟ್ಟರೆ ತೋರಿಸಿಕೊಡುವ ಫಲಕ ಕಡಿಮೆ. ಹುಡುಕಬೇಕು. ಇದೂ ಬೇಕಂತಲೇ ಮಾಡಿದ್ದು ಅಂದುಕೊಂಡೆ. ಹುರುಪೆ ಮೊದಲು ಕಂಡದ್ದು ಅಗಸ್ತ್ಯನಿಗೆ. ಅವನ ಕಣ್ಣು ನೆಲಕ್ಕೆ ಹತ್ತಿರ. "ಇಲ್ಲಿ ಸಮುದ್ರ ಇತ್ತಾ?" ಅಂದ. ಇಂಚರ ಅಜ್ಜನ ದನಿಯಲ್ಲಿ "ನಿನಗೆ ಏನು ಕಾಣ್ತಿದೆ?" ಅಂತ ತಿರುಗಿ ಕೇಳಿದಳು. ಅವನಿಗೆ ಸಿಟ್ಟು ಬಂತು.

ಕಟ್ಟಡದೊಳಗೆ ಹೋದರೆ ಒಂದು ಇಡೀ ಗೋಡೆ ಬಂಡೆಯೇ. ಅದರಲ್ಲಿ ಸುಮಾರು 1,500 ಮೂಳೆಗಳು. ತೊಡೆ, ಬೆನ್ನು, ಪಕ್ಕೆಲುಬು, ಒಂದು ಕಡೆ ಕಮರಸಾರಸ್‌ನ ತಲೆಬುರುಡೆ. 14 ಕೋಟಿ 90 ಲಕ್ಷ ವರ್ಷದ ಹಿಂದೆ ಬರಗಾಲದಲ್ಲಿ ಸತ್ತ ಪ್ರಾಣಿಗಳನ್ನು ನದಿಯ ಪ್ರವಾಹ ತಂದು ಒಂದೇ ಕಡೆ ಗುಡ್ಡೆ ಹಾಕಿತು. ಕೆಳಗಿನ ಸಾಲಿನ ಮೂಳೆಗಳನ್ನು ಮುಟ್ಟಬಹುದು. ಅಂಗೈ ಇಟ್ಟರೆ ತಣ್ಣಗೆ, ಒರಟಾಗಿ ಇರುತ್ತದೆ.

ಮೂಳೆಗಿಂತಲೂ ನನಗೆ ಇಷ್ಟವಾದದ್ದು ಕಟ್ಟಡದ ಕಥೆ. 1958ರ ಕಟ್ಟಡ ಕಟ್ಟಿದ ದಿನದಿಂದಲೇ ಕದಲತೊಡಗಿತಂತೆ. ನೆಲದಲ್ಲಿರುವುದು ಹಳೆಯ ಜ್ವಾಲಾಮುಖಿ ಬೂದಿಯಿಂದಾದ ಜೇಡಿ. ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಗೋಡೆ ಬಿರುಕು ಬಿಟ್ಟು, ನೆಲ ಏರುಪೇರಾಗಿ, 2006ರಲ್ಲಿ ಅಪಾಯ ಅಂತ ಮುಚ್ಚಿದರು. ಗಟ್ಟಿ ಬಂಡೆಯವರೆಗೆ ಕಂಬ ಇಳಿಸಿ ಹೊಸದಾಗಿ ಕಟ್ಟಿ 2011ರಲ್ಲಿ ತೆರೆದರು. ನಮ್ಮ ಬಯಲುಸೀಮೆಯ ಎರೆ ಭೂಮಿಯಲ್ಲಿ ಮನೆ ಕಟ್ಟಿದವರಿಗೆ ಈ ಸಂಕಟ ಹೇಳಿಕೊಡಬೇಕಿಲ್ಲ. ಅದೂ ಇದೇ ರೀತಿ ಉಬ್ಬುವ ಜೇಡಿಯೇ. ಅಲ್ಲಿದ್ದ ರೇಂಜರ್‌ಗೆ ಇದನ್ನು ಹೇಳಿದೆ. ಅವರು ನಾನು ಎಲ್ಲಿಯವಳು, ಏನು ಕಲಿಸುತ್ತೇನೆ ಅಂತೆಲ್ಲ ಕೇಳಿದರು. ದಿಂಬು ಲಾವಾದ ಫೋಟೋ ಫೋನಿನಲ್ಲಿತ್ತು, ತೋರಿಸಿದೆ. "ಇದು ಶಾಲೆಯಿಂದ ಎಷ್ಟು ದೂರ?" ಅಂದರು. ಅರ್ಧ ಗಂಟೆ ಅಂದೆ. "ಎಷ್ಟು ಸಲ ಕರ್ಕೊಂಡು ಹೋಗಿದ್ದೀರಿ?" ಅಂತ ಮುಂದಿನ ಪ್ರಶ್ನೆ. ಅಷ್ಟರಲ್ಲಿ ಅಗಸ್ತ್ಯ ಬಾತ್‌ರೂಮ್ ಅಂತ ಕೂಗಿದ, ಪುಣ್ಯಕ್ಕೆ.

ಮಂಗಳವಾರ

ಸ್ಟೀಮ್‌ಬೋಟ್ ಸ್ಪ್ರಿಂಗ್ಸ್ ಮೇಲೆ ವಾಪಸ್. ಇಡೀ ದಿನ ಕಾರು. ಹಿಂದಿನ ಸೀಟಿನಲ್ಲಿ ಕೂತು ಕಾಗದದ ಮೇಲೆ ಪಟ್ಟಿ ಮಾಡಿದೆ: 46 ಮೀಟರ್ ಸೆಣಬಿನ ಹಗ್ಗ, ಕ್ಲಿಪ್ಪು, ಟೇಪು, ಹಳೆಯ ಟವೆಲ್ ನಾಲ್ಕು, ದಾರದ ಉಂಡೆ. ಹೆಜ್ಜೆ ಅಳೆಯಲು ಡೈನೋಸಾರ್ ಬೇಡ, ಮಳೆ ಬಿದ್ದ ಮೇಲೆ ಶಾಲೆಯ ಅಂಗಳದಲ್ಲಿ ಎಮ್ಮೆ, ನಾಯಿ, ಕೋಳಿ ಎಲ್ಲ ಓಡಾಡುತ್ತವೆ. ಜೂನ್ ಕೊನೆಯ ವಾರ ಎಂಟನೇ ತರಗತಿಯನ್ನು ಮರಡಿಹಳ್ಳಿಗೆ ಕರೆದೊಯ್ಯೋಣವೇ ಅಂತ ಶಾಲೆಯ ವಾಟ್ಸಾಪ್ ಗ್ರೂಪಿಗೆ ಹಾಕಿದೆ.

ಅಲ್ಲಿ ನಡುರಾತ್ರಿ ದಾಟಿತ್ತು. ಆದರೂ ಹೆಡ್‌ಮಾಸ್ಟರ್ ಎದ್ದಿದ್ದರು. ಉತ್ತರ ಕೂಡಲೇ ಬಂತು: "ಒಳ್ಳೇ ವಿಚಾರ ಮೇಡಂ. ಬಸ್ಸಿನ ಖರ್ಚು ಎಷ್ಟಾಗುತ್ತೆ ಮೊದಲು ತಿಳಿಸಿ."